ಹರಾಜಣ್ಣನ ಗಂಟಲು ಕಟ್ಟಿದ ವಾರ

ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹರಾಜಣ್ಣ ಎಂದೇ. ಅರಳು ಹುರಿದಂಥ ಮಾತು. ಟೊಮೇಟೊ ಪೆಟ್ಟಿಗೆಯ ಮೇಲೆ ನಿಂತು ಬಾಯಿ ತೆರೆದರೆ ಆಚೆ ಬೀದಿಯ ಕಾಗೆಗಳೂ ಎದ್ದು ಹಾರುತ್ತಿದ್ದವು. "ನಾನು ಉಸಿರು ತಗೊಂಡ್ರೆ ಬೆಲೆ ಬಿದ್ದೋಗುತ್ತೆ" ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಕೂಗು ಒಂದು ಗಳಿಗೆ ನಿಂತರೂ ಕೊಳ್ಳುವವರ ಉತ್ಸಾಹ ತಣ್ಣಗಾಗುತ್ತದೆ. ಹಾಗಾಗಿ ಮೌನವೆಂದರೆ ಅವನಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು.

ತಮಾಷೆಯೆಂದರೆ ಪ್ರಾರ್ಥನೆಯನ್ನೂ ಅವನು ಅದೇ ವೇಗದಲ್ಲಿ ಮಾಡುತ್ತಿದ್ದ. ವಾರಕ್ಕೊಮ್ಮೆ ಚರ್ಚಿನ ನಾಲ್ಕೈದು ಕುಟುಂಬಗಳು ಅವನ ಮನೆಯ ನಡುಮನೆಯಲ್ಲಿ ಸೇರಿ, ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದರು. ಹರಾಜಣ್ಣನ ಸರದಿ ಬಂತೆಂದರೆ ಬಲ್ಲವರು ಹಿಂದೆ ಸರಿದು ಗೋಡೆಗೆ ಒರಗುತ್ತಿದ್ದರು, ಕಾಲು ಜೋಮು ಹಿಡಿಯಬಾರದಲ್ಲ! ಅವನು ಆಮೆನ್ ಅನ್ನುವಷ್ಟರಲ್ಲಿ ಹೊತ್ತು ಮೀರಿ ಎಲ್ಲರೂ ಏಳುತ್ತಿದ್ದರು. ಪಕ್ಕದಲ್ಲೇ ಕೂತ ಹೆಂಡತಿಯ ಸರದಿ ಬಂದದ್ದೇ ಇಲ್ಲ.

ಒಂದು ಭಾನುವಾರ ಪಾದ್ರಿಗಳು ಕೇಳಿದರು: "ಆರೋಗ್ಯ ಕೇಳ್ತೀವಿ, ಕೆಲಸ ಕೇಳ್ತೀವಿ. ದೇವರನ್ನೇ ಅರಿಯೋ ಜ್ಞಾನ ಕೊಡು ಅಂತ ಯಾರಾದ್ರೂ ಕೇಳಿದ್ದೀರಾ?" ಹರಾಜಣ್ಣನಿಗೆ ಆ ಮಾತು ನಾಟಿತು. ಇಷ್ಟು ವರ್ಷ ತಾನು ಮಾತಾಡಿಸಿದ ದೇವರು ಎಂಥವನು? ಕಲಿತ ಪಾಠ ಬಿಟ್ಟು, ಸ್ವಂತದ್ದೆಂದು ಹೇಳಲು ಅವನ ಬಳಿ ಒಂದು ಮಾತೂ ಇರಲಿಲ್ಲ. ಅವನಿಗೆ ಭಯವೇ ಆಯಿತು.

ಅಂದಿನಿಂದ ಒಂದೇ ಪ್ರಾರ್ಥನೆ: "ಕರ್ತನೇ, ನೀನು ಎಂಥವನು ಅಂತ ತಿಳಿಸು." ಸ್ನಾನದ ಮನೆಯಲ್ಲೂ ಅದೇ, ಮಂಡಿಯ ದಾರಿಯಲ್ಲೂ ಅದೇ. ಒಮ್ಮೆ ಕೇಳಿ ಉತ್ತರಕ್ಕೆ ಪುರುಸೊತ್ತು ಕೊಡದೆ ಮತ್ತೆ ಕೇಳುತ್ತಿದ್ದ. ಹೀಗೆ ತಿಂಗಳುಗಳು ಕಳೆದ ಮೇಲೆ ಗಂಟಲು ಕಟ್ಟಿತು. ಧ್ವನಿತಂತುವಿನ ಮೇಲೆ ಗಂಟಾಗಿದೆ, ಪಿಸುಮಾತೂ ಕೂಡದು ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿದರು. ಕೇಳಿದ್ದು ಜ್ಞಾನ, ಸಿಕ್ಕಿದ್ದು ಗಂಟು! ಮಂಡಿಯಲ್ಲಿ ಭಾವಮೈದುನ ಕೂಗಿದ, ಇವನು ತಕ್ಕಡಿಯ ಪಕ್ಕ ಸಪ್ಪೆ ಮುಖ ಹಾಕಿಕೊಂಡು ಕೂತ. ದನಿಯಿಲ್ಲದ ಪ್ರಾರ್ಥನೆ ಅವನಿಗೆ ಬರುತ್ತಲೇ ಇರಲಿಲ್ಲ. ಇನ್ನು ದೇವರನ್ನು ಅರಿಯುವ ಬಾಗಿಲೂ ಮುಚ್ಚಿತೆಂದೇ ಅವನ ಸಂಕಟ.

ಆ ವಾರದ ಕೂಟದಲ್ಲಿ ಅವನ ಸರದಿ ಬಂತು. ಅಭ್ಯಾಸಬಲದಿಂದ ಎಲ್ಲರೂ ಗೋಡೆಗೆ ಒರಗಿದರು. ಅವನು ಬಾಯಿ ತೆರೆದ, ಬರಿ ಗಾಳಿ ಬಂತು. ನಡುಮನೆಯಲ್ಲಿ ಮೌನ. ಯಾರಾದರೂ ಏನಾದರೂ ಅನ್ನಬಾರದೇ ಎಂದು ಅವನ ಜೀವ ಒದ್ದಾಡಿತು.

ಆಗ ಪಕ್ಕದಲ್ಲಿ ಹೆಂಡತಿ ಗಂಟಲು ಸರಿಮಾಡಿಕೊಂಡಳು.

"ತಂದೆಯೇ," ಎಂದಳು, ಕಾಂಪೌಂಡಿನಾಚೆಯ ನೆರೆಯವಳನ್ನು ಮಾತಾಡಿಸುವಷ್ಟು ಸಲೀಸಾಗಿ. "ಮದುವೆಗೆ ಮುಂಚಿನಿಂದ ನಿನ್ನನ್ನ ತಿಳ್ಕೋಬೇಕು ಅಂತ ಕೇಳ್ತಾ ಇದ್ದೀನಿ. ನೀನೂ ಚೂರು ಚೂರು ತೋರಿಸ್ತಾ ಬಂದಿದ್ದೀಯ. ನೀನು ಎಂಥ ತಾಳ್ಮೆಯವನು ಅಂತ ನನಗಂತೂ ಗೊತ್ತು. ನಮ್ಮನೆಯವರ ಮಾತು ಮುಗೀಲಿ ಅಂತ ಇಷ್ಟು ವರ್ಷ ನನ್ನ ಜೊತೆ ನೀನೂ ಕಾದಿದ್ದೀಯಲ್ಲ. ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ನಿನಗೆ ಒಂದ್ಸಲನೂ ಬಂದಿಲ್ಲ. ಆಮೆನ್."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹರಾಜಣ್ಣನೂ ದನಿಯಿಲ್ಲದೆ ಭುಜ ಕುಣಿಸಿ ನಕ್ಕ, ನಗುತ್ತಲೇ ಕಣ್ಣು ತುಂಬಿ ಬಂತು. ತಾನು ಊರೆಲ್ಲ ಕೇಳುವಂತೆ ಬೇಡಿದ್ದನ್ನೇ ಇವಳು ಅದೇ ಚಾಪೆಯ ಮೇಲೆ ಸದ್ದಿಲ್ಲದೆ ಬೇಡಿ ಪಡೆದಿದ್ದಳು. ದೇವರು ಕಾಯುವವನು, ತನ್ನಂಥವನಿಗಾಗಿಯೂ ಕಾಯುವವನು. ಇದನ್ನು ಅವನು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದ, ನಂಬಿದ್ದು ಮಾತ್ರ ಈಗ. ಇಷ್ಟು ಸುಖ ಅವನಿಗೆ ಯಾವ ಹರಾಜು ಒಳ್ಳೆ ಬೆಲೆಗೆ ಹೋದಾಗಲೂ ಆಗಿರಲಿಲ್ಲ.

ಅವಳು ಏಳಲು ಹೊರಟಳು. ಅವನು ಕೈ ಹಿಡಿದು ಕೂರಿಸಿ, ಬೆರಳಾಡಿಸಿ ಕೇಳಿದ: ಇನ್ನೂ ಇದೆಯಾ?

"ಇದೆ, ಬೇಕಾದಷ್ಟಿದೆ," ಎಂದು ಅವಳು ಮತ್ತೆ ಕೈ ಮುಗಿದಳು.