ಟ್ರಿಪ್ ಶೀಟಿನಲ್ಲಿ ಆಟದ ಸಾಲು

ಬೆಳಗಿನ ಮೂರೂವರೆಗೆ ಎದ್ದು ಬಸ್ ಓಡಿಸುವವನಿಗೆ ಮಧ್ಯಾಹ್ನದ ಮೂರೂವರೆ ಎಂದರೆ ಮೈ ನೆಲ ಹುಡುಕುವ ಹೊತ್ತು. ನಮ್ಮ ಡ್ರೈವರನ ಎರಡನೇ ಡ್ಯೂಟಿ ಶುರುವಾಗುವುದೇ ಆಗ. ಎರಡನೇ ಕ್ಲಾಸಿನ ಮಗಳು ಸ್ಕೂಲಿನಿಂದ ಬರುತ್ತಾಳೆ. ಔಷಧಿ ಅಂಗಡಿಯ ಕೆಲಸ ಮುಗಿಸಿ ಹೆಂಡತಿ ಬರುವುದು ಏಳಕ್ಕೆ.

ಮಗು ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲವೆಂದು ಟೀಚರ್ ಕರೆಸಿದ್ದರು. "ಮನೆಗೆ ಬಂದು ಕೈಕಾಲು ತೊಳೀಲಿ, ಏನಾದ್ರೂ ತಿನ್ಲಿ, ಒಂದು ಗಂಟೆ ಹೊರಗೆ ಆಡ್ಲಿ. ಆಮೇಲೆ ಹೋಂವರ್ಕ್. ಆಟ ಮಾತ್ರ ತಪ್ಪಿಸ್ಬೇಡಿ."

ಡ್ರೈವರನಿಗೆ ಗೊತ್ತಿದ್ದ ಶಿಸ್ತು ಒಂದೇ. ಡಿಪೋದಲ್ಲಿ ಬಸ್ಸಿನ ಓಡಾಟ ಬರೆದಿಡುವ ಹಾಗೆ, ಹಾಳೆಗೆ ಗೆರೆ ಹೊಡೆದು ಟ್ರಿಪ್ ಶೀಟ್ ಮಾಡಿದ. ಕೆಲಸ, ಸಮಯ, ಕೊನೆಗೆ ಅಪ್ಪನ ಸಹಿ. "ಟ್ರಿಪ್ ಹೋಗದಿದ್ರೆ ಕಾರಣ ಬರೀಬೇಕು," ಎಂದು ಮಗಳಿಗೆ ಕಲಿಸಿದ. ಕೆಳಗಿನ ಅಂಗಳದಲ್ಲಿ ಗಾಡಿಗಳು ಓಡಾಡುತ್ತವೆ. ಹಾಗಾಗಿ ಇಳಿಯುವ ಮುಂಚೆ ಅಪ್ಪನನ್ನು ಕರೆಯಬೇಕು, ಅವನು ಕಿಟಕಿಯಲ್ಲಿ ನಿಂತು ನೋಡಬೇಕು. ಮನೆಯೋ ಡಿಪೋವೋ ಎಂದು ಹೆಂಡತಿ ನಕ್ಕಳು.

ನಾಲ್ಕು ದಿನ ಕಿಟಕಿಯಲ್ಲಿ ನಿಂತ. ಐದನೇ ದಿನ ಮಗಳು ಬಾಳೆಹಣ್ಣು ಸುಲಿಯುವಷ್ಟರಲ್ಲಿ "ಐದೇ ನಿಮಿಷ" ಎಂದು ಚಾಪೆಯ ಮೇಲೆ ಅಡ್ಡಾದ. ಎದ್ದಾಗ ಆರು ದಾಟಿತ್ತು. ಹೋಂವರ್ಕ್ ಮುಗಿಸಿ ಮಗಳು ಶೀಟ್ ಹಿಡಿದು ಕೂತಿದ್ದಳು. ಆಡಲು ಇಳಿಯುವಾಗ ಅವಳು ಕರೆದಿರಬೇಕು, ತಾನು ನಿದ್ದೆಗಣ್ಣಲ್ಲಿ ಹೂಂ ಎಂದಿರಬೇಕು ಎಂದುಕೊಂಡು ಸಹಿ ಹಾಕಿದ. ಡಿಪೋದಲ್ಲಿ ಹದಿನೈದು ವರ್ಷದಿಂದ ಕೊಟ್ಟ ಹಾಳೆಗೆ ಓದದೆ ಸಹಿ ಹಾಕಿದ ಕೈ ಅದು. ಮರುದಿನವೂ ಹಾಗೇ ಆಯಿತು, ಆಮೇಲೆ ದಿನವೂ. ಮಗಳ ಫ್ರಾಕಿನಲ್ಲಿ ಚೂರೂ ಧೂಳಿಲ್ಲವೆಂದು ಕಾಣಲು ಕಣ್ಣು ತೆರೆದಿರಬೇಕಲ್ಲ.

ಭಾನುವಾರ ಹೆಂಡತಿ ಶೀಟುಗಳನ್ನು ಮುಂದಿಟ್ಟಳು. "ರೀ, ಇದನ್ನ ಓದಿದ್ರಾ?"

ಒಂಬತ್ತು ದಿನ ಆಟದ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ಒಂದೇ ಕಾರಣವಿತ್ತು: ಡ್ರೈವರ್ ರೆಸ್ಟ್. ಒಂಬತ್ತಕ್ಕೂ ಕೆಳಗೆ ಅವನದೇ ಸಹಿ.

"ಎಬ್ಬಿಸೋದಲ್ವೇನೆ ಪುಟ್ಟಿ?" ಎಂದು ಅವನು ಮಗಳನ್ನು ಕೇಳಿದ.

"ಡ್ರೈವರ್‌ಗೆ ನಿದ್ದೆ ಕಮ್ಮಿಯಾದ್ರೆ ಬಸ್ಸಲ್ಲಿರೋರಿಗೆಲ್ಲ ಅಪಾಯ ಅಂತ ನೀನೇ ಹೇಳಿದ್ದೆ."

ಅವನು ಒಂಬತ್ತೂ ಶೀಟುಗಳನ್ನು ಮೊದಲಿನಿಂದ ಓದಿದ.

ಸೋಮವಾರ ಮುಖಕ್ಕೆ ತಣ್ಣೀರು ಎರಚಿಕೊಂಡು ಅವಳ ಜೊತೆಗೇ ಅಂಗಳಕ್ಕಿಳಿದ. ಕೂತರೆ ಕೆಟ್ಟೆ ಎಂದು ಗೊತ್ತಿತ್ತು. ಬೆಂಚು ಖಾಲಿಯಿದ್ದರೂ ಗೋಡೆಯ ಪಕ್ಕ ನಿಂತ. ಮಗಳು ಎರಡು ಸುತ್ತು ಓಡಿ ಬಂದು ಅವನ ಕಣ್ಣುಗಳನ್ನೇ ನೋಡಿದಳು.

"ಸುಸ್ತಾಗಿದ್ರೆ ಮೇಲೆ ಹೋಗೋಣಪ್ಪ."

"ನೀನು ಓಡು," ಎಂದ. "ಇನ್ನೂ ಮುಕ್ಕಾಲು ಗಂಟೆ ಇದೆ."