ಹಿಂದಿನ ಕೋಣೆಯ ಸೋಬಾನೆ

ನಮ್ಮ ಸೋದರತ್ತೆ ಹಂಪವ್ವ ಅರವತ್ತು ದಾಟಿದ ಮೇಲೂ ಮಧ್ಯಾಹ್ನ ಮಲಗಿದವಳಲ್ಲ. ಊಟವಾಯಿತೆಂದರೆ ಆನೆಕೊಂಡದ ಓಣಿಯ ಹೆಂಗಸರೆಲ್ಲ ಅವಳ ಜಗಲಿಗೆ ಬರುತ್ತಿದ್ದರು. ಮುಂದಿನ ಮದುವೆಗೆ ಯಾವ ಸೋಬಾನೆ ಪದ ಹೇಳಬೇಕೆಂಬುದು ಅಲ್ಲೇ ತೀರ್ಮಾನ. ಅವಳು ಸೊಲ್ಲೆತ್ತಿದರೆ ಉಳಿದವರು ಹಿಂದೆ ಹೇಳುವುದು. ಬೇರೆ ಯಾವ ಮೋಜೂ ಅವಳಿಗೆ ಬೇಕಿರಲಿಲ್ಲ. ಸಿನಿಮಾಕ್ಕೆ ಕರೆದರೆ, "ಬ್ಯಾಡ, ಅಲ್ಲಿ ಅವರೇ ಹಾಡ್ತಾರೆ, ನಾವು ಸುಮ್ಕೆ ಕುಂತು ಬರಬೇಕು" ಎನ್ನುತ್ತಿದ್ದಳು.

ಐವತ್ತೆಂಟನೆಯ ಇಸವಿಯಲ್ಲಿ ಅವಳ ಗಂಡ ಭರಮಣ್ಣ ಮಾವ ತೀರಿಕೊಂಡ. ಹತ್ತಿ ಗಿರಣಿಯಲ್ಲಿ ದುಡಿದು ಸವೆದ ಜೀವ. ಗಂಡ ಸತ್ತವಳು ಸೋಬಾನೆ ಹೇಳುವಂತಿಲ್ಲ. ಈ ಪದ್ಧತಿ ಮಾಡಿದವರಿಗೆ ಹಾಡಲು ಬರುತ್ತಿರಲಿಲ್ಲವೆಂದು ನನ್ನ ಅನುಮಾನ. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಜಗಲಿಗೆ ಬರುವುದನ್ನು ಬಿಟ್ಟರು, ಅಷ್ಟೆ. ನಾಲ್ಕು ಮನೆ ಆಚೆ ಉಡಚಮ್ಮನ ಪಡಸಾಲೆಯಲ್ಲಿ ಸೇರತೊಡಗಿದರು. ಅತ್ತೆ ಮಧ್ಯಾಹ್ನ ಮಲಗುವುದನ್ನು ಕಲಿತಳು.

ಮರುವರ್ಷ ಹರಿಹರದ ನಮ್ಮ ಮನೆಯಲ್ಲಿ ನನ್ನ ತಂಗಿ ಕೊಟ್ರವ್ವನ ಮದುವೆ. ಅತ್ತೆ ರೈಲಿನಲ್ಲಿ ಬಂದಳು. ಬಂದವಳೇ ಅಪ್ಪನನ್ನು ಕೇಳಿದಳು:

"ಒಂದೇ ಒಂದು ಪದ ಹೇಳ್ತೀನಿ ಕಣೋ. ನಾನು ಎತ್ತಿ ಆಡಿಸಿದ ಹುಡುಗಿ."

ಅಪ್ಪ ನೆಲ ನೋಡಿದ. "ಬೀಗರು ಬಂದಾರೆ, ಅಕ್ಕ. ನಾನು ಹೆಂಗೆ ಹೇಳ್ಲಿ? ನೀನೇ ತಿಳ್ಕ."

ಅತ್ತೆ ತಿಳಿದುಕೊಂಡಳು. ಅರಿಶಿಣ ಹಚ್ಚುವ ಹೊತ್ತಿಗೆ ಎದ್ದು ಹಿಂದಿನ ಕೋಣೆಗೆ ಹೋದಳು. ಕಾಫಿಯ ಲೋಟ ಹಿಡಿದು ನಾನೂ ಹಿಂದೆಯೇ ಹೋದೆ.

ಅಲ್ಲಿ ದೊಡ್ಡವ್ವ ತಿಮ್ಮವ್ವ ಗೋಡೆಗೊರಗಿ ಕೂತಿದ್ದಳು. ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಸತ್ತು ಇಪ್ಪತ್ತು ವರ್ಷವಾಗಿತ್ತು. ಅವನು ಸತ್ತ ವರ್ಷವೇ ನಡೆದ ಒಂದು ಮದುವೆಯಲ್ಲಿ, ಹಾಡುವವರ ಸಾಲಿನಿಂದ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿದವಳು ಇದೇ ನಮ್ಮ ಅತ್ತೆ. ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು.

"ಬಾರವ್ವ, ಕೂಡು" ಎಂದು ದೊಡ್ಡವ್ವ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

"ಅತ್ತಿಗೆ, ಇಷ್ಟು ವರ್ಷ ಪದ ಇಲ್ಲದೆ ಹೆಂಗೆ ಇದ್ದಿ?" ಅತ್ತೆ ನಿಂತಲ್ಲಿಂದಲೇ ಕೇಳಿದಳು.

"ಇಲ್ಲದೆ ಯಾಕ ಇರ್ಲಿ? ನೀನು ಹೊರಗೆ ಸೊಲ್ಲೆತ್ತುತ್ತಿದ್ದಿ, ನಾನು ಇಲ್ಲಿ ಕುಂತು ನಿನ್ನ ಹಿಂದೆ ಹೇಳ್ತಿದ್ದೆ. ನಿಂಗೆ ಕೇಳ್ತಿರ್ಲಿಲ್ಲ, ಅಷ್ಟೆ."

ಅತ್ತೆ ಹೋಗಿ ಅವಳ ಪಕ್ಕ ಚಾಪೆಯ ಮೇಲೆ ಕೂತಳು. ಅಷ್ಟರಲ್ಲಿ ಹೊರಗೆ ಬೀಗರ ಕಡೆಯ ಹೆಂಗಸೊಬ್ಬಳು ಪದ ಶುರುಮಾಡಿದಳು. ದೊಡ್ಡವ್ವನ ತುಟಿ ಅಲುಗಿತು. ಪಕ್ಕದಲ್ಲಿದ್ದ ನನಗೂ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ದನಿ. ಎರಡನೆಯ ನುಡಿಗೆ ಅತ್ತೆಯೂ ಸೇರಿಕೊಂಡಳು. ಇಡೀ ಓಣಿಗೆ ಕೇಳುವಂತೆ ಹಾಡಿ ರೂಢಿಯಾದ ಗಂಟಲು ಅದು.

ದೊಡ್ಡವ್ವ ಅವಳ ತೊಡೆಯ ಮೇಲೆ ಕೈಯಿಟ್ಟಳು. "ಸಣ್ಣಗೆ, ಹಂಪವ್ವ" ಎಂದು ಕಲಿಸಿಕೊಟ್ಟಳು. "ಇನ್ನೂ ಸಣ್ಣಗೆ."