ಹೆಬ್ಬೆಟ್ಟು ಕೇಳುವ ಡಾಕ್ಟರು
ಜಾವಾದ ಗಾರುತ್ ಸೀಮೆಯ ವಿರನಾತ ಡಾಕ್ಟರು ಡಚ್ಚರ ಸರಕಾರಿ ನೌಕರಿಯನ್ನು ಒದ್ದು ರಾಜಕೀಯಕ್ಕೆ ಬಿದ್ದ ಮೇಲೆ ಯಾವ ಚಾಪೆಯ ಮೇಲೂ ನೆಟ್ಟಗೆ ಕೂತವರಲ್ಲ. ಕಾಫಿ ಬರುವಷ್ಟರಲ್ಲಿ ಎದ್ದು ಚಪ್ಪಲಿ ಹುಡುಕುತ್ತಾರೆ. ಯಾರ ಕೈ ಹಿಡಿದರೂ ಬೆರಳು ತಾನಾಗಿ ನಾಡಿಗೆ ಹೋಗುತ್ತದೆ. ಭಾಷಣ ಕಾವೇರಿದಾಗ ಹಿಂದೆ ಯಾರಾದರೂ ಕೆಮ್ಮಿದರೆ ಸ್ವಾತಂತ್ರ್ಯವನ್ನು ಅಲ್ಲೇ ಬಿಟ್ಟು, "ಏಯ್, ಎಷ್ಟು ದಿನದಿಂದ ಕೆಮ್ಮು? ರಕ್ತ ಬೀಳ್ತದಾ?" ಎಂದು ವೇದಿಕೆಯಿಂದ ಇಳಿದುಬಿಡುತ್ತಾರೆ. ಕಾವಲಿಗೆ ಕೂತ ಪೊಲೀಸಿನವನು ಮೇಜು ಕುಟ್ಟಿ "ರಾಜಕೀಯ ಸಾಕು" ಎಂದರೆ, "ಇದು ರಾಜಕೀಯ ಅಲ್ಲ ದೊರೆ, ಕ್ಷಯ. ನಿಮಗೂ ಬರ್ತದೆ" ಎನ್ನುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಅವರು ಅರ್ಜಿ ಬಿಚ್ಚಿದೊಡನೆ ಮಾತ್ರ ನಗು ನಿಲ್ಲುತ್ತದೆ. ಪ್ಲೇಗಿನ ಕಾಯಿದೆ ಪ್ರಕಾರ ಯಾರೇ ಸತ್ತರೂ ಹೂಳುವ ಮೊದಲು ಹೆಣದ ಹೊಟ್ಟೆಗೆ ಸೂಜಿ ಚುಚ್ಚಿ, ಒಳಗಿನ ಗುಲ್ಮವೆಂಬ ಅಂಗದ ರಸ ತೆಗೆದು ಪರೀಕ್ಷೆಗೆ ಕಳಿಸಬೇಕು; ಅದನ್ನು ನಿಲ್ಲಿಸಿ ಎಂಬ ಅರ್ಜಿಗೆ ಸಾವಿರ ಹೆಬ್ಬೆಟ್ಟು ಬೇಕು. ಆದರೆ ಹತ್ತು ವರ್ಷ ಆ ಸೂಜಿ ಹಿಡಿದು ಮನೆಮನೆ ತಿರುಗಿದವರು ಇವರೇ ತಾನೆ, ಜನ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಳ್ಳುತ್ತಾರೆ. ಮೊನ್ನೆ ಸಂತೆಯಲ್ಲಿ ಬಾಳೆಲೆ ಮಾರುವ ಊನೆ ಎಂಬ ಅಜ್ಜಿ ಮುಖಕ್ಕೇ ಕೇಳಿದಳು: "ನಮ್ಮೋರಿಗೆಲ್ಲ ಚುಚ್ಚಿದೆಯಲ್ಲ ಡಾಕ್ಟ್ರಪ್ಪ, ನಿನ್ನ ಹೆತ್ತೋಳು ಸತ್ತಾಗ ಆ ಸೂಜಿ ಎಲ್ಲಿತ್ತು?" ಡಾಕ್ಟರು ಹೇಳಿದರು: "ನನ್ನ ಕೈಯಲ್ಲೇ ಇತ್ತಮ್ಮಾ. ಬೇರೆ ಯಾರೂ ಅವಳನ್ನ ಮುಟ್ಟೋದು ಬೇಡ ಅಂತ ನಾನೇ ಚುಚ್ಚಿದೆ. ಪ್ಲೇಗ್ ಇರಲಿಲ್ಲ, ಬರೀ ವಯಸ್ಸಾಗಿತ್ತು. ಮಾರನೇ ದಿನ ಕೆಲಸ ಬಿಟ್ಟೆ." ಅಜ್ಜಿ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿ, ಮಸಿಯಲ್ಲಿ ಹೆಬ್ಬೆರಳು ಅದ್ದಿ ಕಾಗದಕ್ಕೆ ಒತ್ತಿದಳು. "ತಗೋ, ಒತ್ತಿದೀನಿ. ಆದ್ರೆ ನಾನು ಸತ್ತ ದಿನ ನಮ್ಮ ಓಣಿಗೆ ಕಾಲಿಡಬೇಡ."